ಸಂಘದ ದನಿ ಯಾರ ಕಿವಿಗೆ?

ಈ ವರ್ಷದೊಳಗೆ ನಮ್ಮ ಸಂಘವು ಸಾಮಾಜಿಕ ಜಾಲತಾಣಗಳಿಗೆ ಪದಾರ್ಪಣ ಮಾಡಬೇಕೆಂಬ ಸೂಚನೆಯೊಂದು ಕಾರ್ಯಕಾರಿ ಸಮಿತಿಯ ಮುಂದಿದೆ. ಫೇಸ್‌ಬುಕ್ಕಿನಲ್ಲಿ ಒಂದು ಪುಟ, ಇನ್‌ಸ್ಟಾಗ್ರಾಮಿನಲ್ಲಿ ಒಂದು ಖಾತೆ, ಯೂಟ್ಯೂಬಿನಲ್ಲಿ ಒಂದು ವಾಹಿನಿ, ವಾಟ್ಸಾಪಿನಲ್ಲಿ ಒಂದು ಚಾನೆಲ್: ಹೀಗೆ ನಾಲ್ಕು ಬಾಗಿಲುಗಳನ್ನು ಒಂದೇ ಮುಹೂರ್ತದಲ್ಲಿ ತೆರೆಯುವ ಉತ್ಸಾಹ ತರುಣ ಸದಸ್ಯರದು. ಮೊಬೈಲಿನ ಕೈಗೆ ಸಂಘವನ್ನು ಕೊಟ್ಟರೆ ಸಂಘ ಕೆಟ್ಟಿತು ಎಂಬುದು ನನ್ನ ವಯಸ್ಸಿನವರ ಪಲ್ಲವಿ. ನಾನು ಈ ಎರಡು ಪಕ್ಷಗಳಿಗೂ ಸೇರಿದವನಲ್ಲ. ಸಂಘ ಅಲ್ಲಿಗೆ ಹೋಗಲೇಬೇಕು. ಆದರೆ ಸೂಚನೆಯು ಈಗಿರುವ ರೂಪದಲ್ಲಿಯೇ ಸರ್ವಸದಸ್ಯರ ಸಭೆಗೆ ಬಂದರೆ ವಿರೋಧಿಸಿ ಕೈಯೆತ್ತುವವರಲ್ಲಿ ನಾನು ಮೊದಲಿಗ. ಆ ಸೂಚನೆಯಲ್ಲಿ ಯಾವ ತಾಣ, ಯಾವ ಲಾಂಛನ, ವಾರಕ್ಕೆ ಎಷ್ಟು ಚಿತ್ರ ಎಂಬುದೆಲ್ಲ ಇದೆ. ಯಾರಿಗಾಗಿ ಎಂಬ ಒಂದು ಮಾತು ಮಾತ್ರ ಇಲ್ಲ.

ಹಿರಿಯರ ಆಕ್ಷೇಪಕ್ಕೆ ಉತ್ತರ ಹೇಳುವುದು ಸುಲಭ. ಕನ್ನಡದ ಯಾವ ಸಂಘವೂ ತನ್ನ ಕಾಲದ ಉಪಕರಣಕ್ಕೆ ಹೆದರಿ ಬಾಳಿಲ್ಲ. ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಆರೇ ವರ್ಷಗಳಲ್ಲಿ ‘ವಾಗ್ಭೂಷಣ’ವೆಂಬ ಪತ್ರಿಕೆಯನ್ನು ಹೊರಡಿಸಿತು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅಂದು ಅಚ್ಚಿನ ಮೊಳೆಯೂ ಹೊಸತೇ, ಅಂಚೆಯ ಚೀಟಿಯೂ ಹೊಸತೇ. ಓದುಗನಿರುವಲ್ಲಿಗೆ ಬರಹವು ನಡೆದುಹೋಗಬೇಕೆಂಬುದನ್ನು ಆ ತಲೆಹೊರೆಯಷ್ಟು ಸ್ಪಷ್ಟವಾಗಿ ಹೇಳಿದ ಭಾಷಣ ಇನ್ನೊಂದಿಲ್ಲ. ನಾವಾದರೋ ಸ್ಮರಣ ಸಂಚಿಕೆಗಳನ್ನು ಅಚ್ಚು ಹಾಕಿಸಿ, ಬಂದ ಅತಿಥಿಗಳಿಗೆ ಹಾರದೊಡನೆ ಒಂದೊಂದು ಪ್ರತಿ ಕೊಟ್ಟು, ಮಿಕ್ಕವನ್ನು ಅಟ್ಟಕ್ಕೆ ಏರಿಸುತ್ತೇವೆ. ಮೊಬೈಲಿಗಿಂತ ಅಟ್ಟವು ಹೆಚ್ಚು ಸಂಸ್ಕೃತಿಯುಳ್ಳ ಸ್ಥಳವೆಂದು ನನಗೆ ತೋರಿಲ್ಲ. ಹಿರಿಯರೊಡನೆ ನನ್ನ ವಾದ ಇಷ್ಟಕ್ಕೇ ಮುಗಿಯಿತು. ಇನ್ನು ತರುಣರೊಡನೆ.

ಕೊಯಮತ್ತೂರಿನ ಕನ್ನಡಿಗನೆಂದರೆ ಯಾರು? 2011ರ ಜನಗಣತಿಯಲ್ಲಿ ತಮಿಳುನಾಡಿನೊಳಗೆ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು ಹನ್ನೆರಡು ಲಕ್ಷಕ್ಕೂ ಹೆಚ್ಚು. ಇವರೆಲ್ಲ ಬ್ಯಾಂಕಿನ ವರ್ಗಾವಣೆಯಿಂದಲೋ ಇಂಜಿನಿಯರಿಂಗ್ ಕಾಲೇಜಿನ ಸೀಟಿನಿಂದಲೋ ಬಂದವರಲ್ಲ. ಸಿರುಮುಗೈಯ ರೇಷ್ಮೆಮಗ್ಗಗಳ ದೇವಾಂಗರಿದ್ದಾರೆ. ಹೊಲಗದ್ದೆ ಹಿಡಿದು ತಲೆಮಾರುಗಳಿಂದ ಇಲ್ಲಿಯೇ ನೆಲೆನಿಂತ ಒಕ್ಕಲಿಗರಿದ್ದಾರೆ. ಸತ್ಯಮಂಗಲದ ಕಾಡಿನಾಚೆ ತಾಳವಾಡಿಯ ಬೆಟ್ಟದಲ್ಲಿ ಸಂತೆಯ ಮಾತೇ ಕನ್ನಡ. ಇಂದಿನ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಇದೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತೆಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಟ್ಟಿಲ್ಲ. ಗಡಿಯ ಗೆರೆ ಸರಿದಾಗ ಕೆಲವರು ಗೆರೆಯ ಆಚೆಗೆ ಬಿದ್ದರು, ನಮ್ಮ ನೆರೆಯವರು ಈಚೆಗೆ ಉಳಿದರು.

ಈ ಮನೆಗಳಲ್ಲಿ ಕನ್ನಡವು ಅಡುಗೆಮನೆಯಲ್ಲಿದೆ, ಮದುವೆಯ ಮಾತುಕತೆಯಲ್ಲಿದೆ, ಸಿಟ್ಟಿನಲ್ಲಿದೆ, ಲಾಲಿಯಲ್ಲಿದೆ. ಕಾಗದದ ಮೇಲೆ ಮಾತ್ರ ಇಲ್ಲ. ಅಜ್ಜಿ ಕಲಿತದ್ದೇ ಇಲ್ಲ. ಅಪ್ಪ ತಮಿಳು ಮಾಧ್ಯಮದಲ್ಲಿ ಕಲಿತ. ಮೊಮ್ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಾಳೆ, ಜೊತೆಗೆ ತಮಿಳು. 2006ರ ಕಾಯ್ದೆಯು ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಕಡ್ಡಾಯ ಮಾಡಿತು. ಈ ಕುರಿತು ನಾನು ಗೊಣಗುವವನಲ್ಲ. ಅನ್ನ ಕೊಟ್ಟ ನೆಲದ ಭಾಷೆಯನ್ನು ಕಲಿಯುವುದು ನ್ಯಾಯ. ನಾನು ಹೇಳುವುದು ಕೇವಲ ಇಷ್ಟು: ತುಡಿಯಲೂರಿನಿಂದ ಮೆಟ್ಟುಪಾಳಯದವರೆಗೆ ರಸ್ತೆಯ ಎರಡು ಬದಿಯಲ್ಲೂ ಕನ್ನಡ ಆಡುವ ಮನೆಗಳಿವೆ, ಕನ್ನಡ ಓದುವ ಮನೆಗಳನ್ನು ಹುಡುಕಿಕೊಂಡು ಹೋಗಬೇಕು.

ಈಗ ಆ ನಾಲ್ಕು ಬಾಗಿಲುಗಳ ಸೂಚನೆಯನ್ನು ಇನ್ನೊಮ್ಮೆ ಓದಿ ನೋಡಿ. ರಾಜ್ಯೋತ್ಸವಕ್ಕೆ ಶುಭಾಶಯ, ಯುಗಾದಿಗೆ ಶುಭಾಶಯ, ಕವಿಗಳ ಜಯಂತಿಗೆ ಭಾವಚಿತ್ರ, ಶಾಲು ಹೊದಿಸಿದ ಫೋಟೋ, ಶಾಲು ಹೊದಿಸಿಕೊಂಡವರು ಮರಳಿ ಶಾಲು ಹೊದಿಸಿದ ಫೋಟೋ. ಎಲ್ಲವೂ ಅಚ್ಚಗನ್ನಡದ ಅಕ್ಷರಗಳಲ್ಲಿ. ಇದನ್ನು ಓದುವವರು ಯಾರು? ಬೆಂಗಳೂರಿನಲ್ಲಿರುವ ನಮ್ಮ ಭಾವಮೈದುನರು, ಮೈಸೂರಿನ ಬೀಗರು, ಕಡಲಾಚೆಯ ಮಗ. ಹೊರನಾಡಿನಲ್ಲಿ ಎಂಥ ಕನ್ನಡ ಸೇವೆ ಎಂದು ಅವರು ಮೆಚ್ಚುತ್ತಾರೆ, ಹೆಬ್ಬೆರಳಿನ ಗುರುತನ್ನು ಒತ್ತುತ್ತಾರೆ. ಆ ಹೆಬ್ಬೆರಳುಗಳನ್ನು ಕೂಡಿಸಿ ವಾರ್ಷಿಕ ವರದಿಯಲ್ಲಿ ಸಾಧನೆಯೆಂದು ಓದುವ ದಿನ ದೂರವಿಲ್ಲ. ನಮ್ಮದೇ ಬೀದಿಯ ನೇಕಾರನ ಸೊಸೆ ಅದೇ ಪುಟವನ್ನು ತೆರೆದರೆ ಆಕೆಗೆ ಕಾಣುವುದು ಒಂದು ಚಿತ್ರ ಮತ್ತು ಅದರ ಕೆಳಗೆ ಸುರುಳಿ ಸುತ್ತಿದ ಗೆರೆಗಳು. ಆಕೆ ನಮ್ಮ ಸಂಘದ ವ್ಯಾಪ್ತಿಯೊಳಗಿನವಳು, ಬೆಂಗಳೂರಿನವರಲ್ಲ. ಇದ್ದೂರಿನವರಿಗೆ ತಲುಪದ ಕಾಗದವನ್ನು ದೂರದೂರಿಗೆ ಬರೆದು, ಜವಾಬು ಬಂತೆಂದು ಸಂಭ್ರಮಿಸುವ ಸಂಘಕ್ಕೆ ಏನೆಂದು ಹೆಸರಿಡೋಣ?

ಆದುದರಿಂದ ನನ್ನ ಪ್ರತಿಸೂಚನೆ ಹೀಗಿದೆ. ಸಂಘವು ಆರಂಭಿಸಬೇಕಾದುದು ಅಕ್ಷರದಿಂದಲ್ಲ, ದನಿಯಿಂದ. ಎರಡು ಮೂರು ನಿಮಿಷದ ಧ್ವನಿಮುದ್ರಣ ಅಥವಾ ವೀಡಿಯೋ, ವಾರಕ್ಕೆ ಒಂದು ಸಾಕು. ಮಾತಾಡುವವರು ವಿದ್ವಾಂಸರಾಗಬೇಕಿಲ್ಲ. ಹೆರಿಗೆಯ ಮನೆಯ ಕಷಾಯವನ್ನು ಹೇಗೆ ಕಾಯಿಸುತ್ತಿದ್ದರೆಂದು ಹೇಳುವ ಅಜ್ಜಿ, ಹಾಸು-ಹೊಕ್ಕು-ಲಾಳಿಗಳಿಗೆ ತನ್ನ ಮನೆಯಲ್ಲಿ ಯಾವ ಯಾವ ಹೆಸರಿದ್ದುವೆಂದು ಹೇಳುವ ನೇಕಾರ, ತೊಟ್ಟಿಲ ಹಾಡು ಅರ್ಧ ಮರೆತು ಅರ್ಧ ನೆನೆಯುವ ಅತ್ತೆ, ಕೊಳ್ಳೇಗಾಲದಿಂದ ಹೆಣ್ಣು ತಂದ ಕಾಲದಲ್ಲಿ ಎತ್ತಿನ ಗಾಡಿ ಯಾವ ದಾರಿಯಾಗಿ ಬಂತೆಂದು ಬಲ್ಲ ಮುದುಕ: ಇಂಥವರು. ವಿಜಯದಶಮಿಯಂದು ಕೊಯಮತ್ತೂರಿನ ದೇವಾಂಗರು ಕತ್ತಿ ಹಾಕಿಕೊಳ್ಳುತ್ತ ಚೌಡೇಶ್ವರಿ ಅಮ್ಮನನ್ನು ಕರೆತರುವಾಗ ಬೀದಿಯುದ್ದಕ್ಕೂ ನೂರಾರು ಫೋನುಗಳು ಮೇಲೇಳುತ್ತವೆ. ಆ ಸೇವೆ ಸಲ್ಲಿಸಿದವನು ಮನೆಗೆ ಹೋಗಿ ಗಾಯಕ್ಕೆ ಭಂಡಾರ ಹಚ್ಚಿಸಿಕೊಳ್ಳುವಾಗ ತಾಯಿಯೊಡನೆ ಆಡುವ ಮಾತನ್ನು ಹಿಡಿದಿಡಲು ಒಂದು ಫೋನೂ ಎದ್ದಿಲ್ಲ. ಕತ್ತಿಯ ಸೇವೆ ಮುಂದಿನ ವರ್ಷವೂ ನಡೆಯುತ್ತದೆ. ಆ ತಾಯಿಯ ಮಾತು ಮುಂದಿನ ವರ್ಷ ಇರುತ್ತದೆಂದು ಯಾರು ಹೊಣೆ?

ಇದಕ್ಕೆ ಎರಡು ಆಕ್ಷೇಪಗಳು ಈಗಾಗಲೇ ಕಿವಿಗೆ ಬಿದ್ದಿವೆ. ಮೊದಲನೆಯದು, ನಮ್ಮ ಕಡೆಯ ಮಾತಿನಲ್ಲಿ ತಮಿಳೂ ತೆಲುಗೂ ಬೆರೆತಿವೆ, ಇದನ್ನು ಲೋಕದ ಮುಂದೆ ಇಟ್ಟರೆ ಕರ್ನಾಟಕದವರು ನಗುತ್ತಾರೆ ಎಂಬುದು. ನಗಲಿ. ಒಂದು ವಾಕ್ಯದಲ್ಲಿ ನಾಲ್ಕು ಇಂಗ್ಲಿಷ್ ಪದ ಬೆರೆಸಿ ಕೊನೆಗೆ ಒಂದು ‘ಮಾಡಿ’ ಸೇರಿಸುವವರಿಗೆ ನಮ್ಮ ‘ಪಾವು’ ಎಂಬ ಮಾತನ್ನು ಕಂಡು ನಗುವ ಅಧಿಕಾರವನ್ನು ಕೊಟ್ಟವರು ಯಾರು? ನಗುವಿಗೆ ಹೆದರಿ ನಮ್ಮ ಹೆಂಗಸರನ್ನು ವೇದಿಕೆಯಿಂದ ದೂರವಿಟ್ಟು, ಅವರ ಬದಲು ಬೆಂಗಳೂರಿನಿಂದ ಭಾಷಣಕಾರರನ್ನು ಕರೆತಂದದ್ದರ ಫಲವನ್ನು ಉಣ್ಣುತ್ತಿದ್ದೇವೆ: ಸಭಿಕರು ಕೈಮುಗಿದು ಕುಳಿತು, ಊಟಕ್ಕೆ ಎದ್ದುಹೋಗುತ್ತಾರೆ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದುದು. ಪ್ರತಿ ಮುದ್ರಣದ ಶೀರ್ಷಿಕೆಯನ್ನೂ ಸಾರಾಂಶವನ್ನೂ ಕನ್ನಡ ಲಿಪಿಯ ಜೊತೆಗೆ ತಮಿಳು ಲಿಪಿಯಲ್ಲಿಯೂ ಕೊಡಬೇಕೆಂದು ನಾನು ಹೇಳಿದಾಗ ಒಬ್ಬ ಹಿರಿಯ ಮಿತ್ರರು ಇದು ಮನೆದ್ರೋಹವೆಂದರು. ಅವರಿಗೆ ಕೇಳುತ್ತೇನೆ. ತುಳುವಿನ ಪುಸ್ತಕಗಳು ಬಹುಕಾಲದಿಂದ ಕನ್ನಡ ಲಿಪಿಯಲ್ಲಿ ಅಚ್ಚಾಗುತ್ತಿವೆ. ಅದರಿಂದ ತುಳು ಕನ್ನಡವಾಯಿತೇ? ಕೊಂಕಣಿಯನ್ನು ನಾಗರಿಯಲ್ಲಿ ಬರೆಯುವವರಿದ್ದಾರೆ, ರೋಮನಿನಲ್ಲಿ ಬರೆಯುವವರಿದ್ದಾರೆ, ಮಂಗಳೂರಿನಲ್ಲಿ ಕನ್ನಡದಲ್ಲಿ ಬರೆಯುವವರಿದ್ದಾರೆ. ಅದು ಕೊಂಕಣಿಯಾಗಿಯೇ ಉಳಿದಿದೆ. ನುಡಿಯಿದ್ದರೆ ಲಿಪಿಯನ್ನು ನಾಳೆ ಕಲಿಸಬಹುದು. ನುಡಿ ಹೋದ ಮನೆಯಲ್ಲಿ ವರ್ಣಮಾಲೆಯ ಪಟವನ್ನು ತೂಗಹಾಕಿ ಏನು ಮಾಡುವುದು?

ಲಿಪಿಯನ್ನು ಕೈಬಿಡಿ ಎಂದು ನಾನು ಹೇಳಿಲ್ಲವೆಂಬುದನ್ನು ಗಮನಿಸಬೇಕು. ಮೇಷ್ಟ್ರಾಗಿ ಜೀವ ಸವೆಸಿದವನು ಅಕ್ಷರದ ವೈರಿಯಾಗಲಾರ. ತಮಿಳು ಬಲ್ಲ ಮಗುವಿಗೆ ಕನ್ನಡದ ಅಕ್ಷರ ಕಲಿಸುವುದು, ಹಿಂದಿಯೊಂದನ್ನೇ ಬಲ್ಲ ಮಗುವಿಗೆ ಕಲಿಸುವುದಕ್ಕಿಂತ ಹಲವು ರೀತಿಯಲ್ಲಿ ಸುಲಭ. ಎ-ಏ, ಒ-ಓಗಳ ಹ್ರಸ್ವದೀರ್ಘ ಭೇದ ಅದಕ್ಕೆ ಆಗಲೇ ಗೊತ್ತು. ಲ-ಳ ಭೇದವನ್ನು ಹೇಳಿಕೊಡಬೇಕಿಲ್ಲ. ಅದು ಎಡವುವುದು ಎರಡೇ ಕಡೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ‘ಗಂಗೆ’ಯನ್ನು ‘ಕಂಕೆ’ ಎಂದು ಬರೆಯುತ್ತದೆ. ಹಾಗೆಯೇ ತ-ದ, ಪ-ಬ. ಇನ್ನು ಒತ್ತಕ್ಷರ: ತಮಿಳು ಚುಕ್ಕಿ ಇಟ್ಟು ಪಕ್ಕದಲ್ಲಿ ಬರೆಯುವುದನ್ನು ನಾವು ಕೆಳಗೆ ತೂಗಿಬಿಡುತ್ತೇವೆ. ಮೊದಲನೆಯ ತೊಡಕಿಗೆ ಔಷಧ ಕಿವಿಯಲ್ಲಿಯೇ ಇದೆ, ಏಕೆಂದರೆ ಆ ಮಗು ಮನೆಯಲ್ಲಿ ‘ದನ’ ಎನ್ನುತ್ತದೆಯೇ ಹೊರತು ‘ತನ’ ಎನ್ನುವುದಿಲ್ಲ. ಆದುದರಿಂದ ಪ್ರತಿ ಮುದ್ರಣದ ಕೊನೆಗೆ, ಈಗ ತಾನೇ ಅಜ್ಜಿಯ ಬಾಯಿಂದ ಕೇಳಿದ ಐದು ಪದಗಳನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ತೋರಿಸಿದರೆ, ವರ್ಷಕ್ಕೆ 52 ವಾರಗಳಲ್ಲಿ 260 ಪದಗಳಾದವು. ಒಂದನೆಯ ತರಗತಿಯ ಪಠ್ಯವನ್ನು ಅಳೆದು ನೋಡಿದವರಿಗೆ ಇದು ಅಲ್ಪವಲ್ಲವೆಂದು ತಿಳಿದೀತು.

ಇನ್ನು ತಾಣದ ಆಯ್ಕೆ. ನಾಲ್ಕು ಬಾಗಿಲು ತೆರೆದ ಮನೆಗೆ ನಾಲ್ಕು ಜನ ಕಾವಲು ಬೇಕು. ನಮ್ಮಲ್ಲಿ ಸಭೆಗೆ ಕುರ್ಚಿ ಹಾಕಲು ನಾಲ್ವರು ಸಿಕ್ಕುವುದು ಕಷ್ಟ. ಮುದ್ರಣಗಳನ್ನು ಇಡುವುದಕ್ಕೆ ಯೂಟ್ಯೂಬ್ ಒಂದೇ ಸಾಕು. ಮನೆಮನೆಗೆ ಹಂಚುವುದಕ್ಕೆ ವಾಟ್ಸಾಪ್. ವಾಟ್ಸಾಪಿನಲ್ಲಿಯೂ ಗುಂಪಿಗಿಂತ ಚಾನೆಲ್ ಮೇಲು. ಗುಂಪಿನಲ್ಲಿ ಒಬ್ಬರ ಫೋನ್ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ನಮ್ಮ ಹೆಣ್ಣುಮಕ್ಕಳು ಸೇರಲು ಹಿಂಜರಿಯುವುದು ಅದಕ್ಕಾಗಿಯೇ. 2023ರಿಂದ ಬಂದಿರುವ ಚಾನೆಲ್ಲಿನಲ್ಲಿ ಅನುಸರಿಸುವವರ ಸಂಖ್ಯೆ ಪರಸ್ಪರ ಕಾಣುವುದಿಲ್ಲ. ಬೆಳಗಿನ ಸೂರ್ಯೋದಯದ ಚಿತ್ರಗಳ ಹಾವಳಿಯೂ ಅಲ್ಲಿಲ್ಲ, ಇದು ಸಣ್ಣ ಲಾಭವಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳು ಎರಡನೆಯ ವರ್ಷಕ್ಕೆ ಇರಲಿ.

ಮೂಲ ಮುದ್ರಣಗಳು ಮಾತ್ರ ಸಂಘದ ಕಪಾಟಿನಲ್ಲಿ, ಎರಡು ಹಾರ್ಡ್‌ಡಿಸ್ಕುಗಳಲ್ಲಿ ಇರಲೇಬೇಕು. ಆರ್ಕುಟ್ ಎಂಬುದೊಂದು ಇತ್ತೆಂದು ಇಂದಿನ ಹುಡುಗರಿಗೆ ತಿಳಿದಿಲ್ಲ. 2014ರಲ್ಲಿ ಅದನ್ನು ಮುಚ್ಚಿದರು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಟಿಕ್‌ಟಾಕನ್ನು 2020ರ ಜೂನಿನಲ್ಲಿ ನಮ್ಮ ಸರ್ಕಾರವೇ ನಿಷೇಧಿಸಿತು. ಅದರಲ್ಲಿ ಹಾಡಿದವರ ಹಾಡುಗಳು ಏನಾದವು? ಬಾಡಿಗೆ ಮನೆಯಲ್ಲಿ ಪೂಜೆ ಮಾಡಬಹುದು, ಪೂರ್ವಜರ ಪೆಟ್ಟಿಗೆಯನ್ನು ಅಲ್ಲಿ ಹೂಳಬಾರದು. ಅಟ್ಟದ ಮೇಲಿನ ಹಳೆಯ ಸಂಚಿಕೆಗಳ ವಿಷಯವೂ ಇದೇ ಸಂದರ್ಭದಲ್ಲಿ ಹೇಳಿಬಿಡುತ್ತೇನೆ: ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಬರಹವನ್ನು ಹಾಗೆಯೇ ಜಾಲತಾಣಕ್ಕೆ ಅಂಟಿಸಿದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತದೆ. ಯೂನಿಕೋಡಿಗೆ ಪರಿವರ್ತಿಸಿದರೆ ಮಾತ್ರ ಓದಲೂ ಹುಡುಕಲೂ ಬರುತ್ತದೆ. ತರುಣರ ಉತ್ಸಾಹಕ್ಕೆ ಇದೂ ಒಂದು ಕೆಲಸ.

ಖಾತೆ ಯಾರ ಹೆಸರಿನಲ್ಲಿ ಎಂಬುದು ಅತ್ಯಂತ ಶುಷ್ಕವಾದ ಪ್ರಶ್ನೆ, ಆದ್ದರಿಂದಲೇ ಅದನ್ನು ಯಾರೂ ಕೇಳುವುದಿಲ್ಲ. ಉತ್ಸಾಹಿ ಹುಡುಗನೊಬ್ಬ ತನ್ನ ಸ್ವಂತ ಫೋನಿನಲ್ಲಿ, ಸ್ವಂತ ಮಿಂಚಂಚೆಯಲ್ಲಿ ಸಂಘದ ಖಾತೆ ತೆರೆಯುತ್ತಾನೆ. ಎರಡು ವರ್ಷಕ್ಕೆ ಕೆಲಸ ಸಿಕ್ಕಿ ದುಬೈಗೆ ಹೋಗುತ್ತಾನೆ. ಸಂಘದ ಮುಖ ಅವನ ಜೇಬಿನಲ್ಲಿ ವಿಮಾನ ಹತ್ತುತ್ತದೆ. ಮುಖ್ಯೋಪಾಧ್ಯಾಯ ವರ್ಗವಾದಾಗ ಬೀರುವಿನ ಬೀಗದಕೈಯಿಂದ ಹಿಡಿದು ಭೂಪಟದ ಕೋಲಿನವರೆಗೆ ಪಟ್ಟಿ ಬರೆದು, ಸಹಿ ಹಾಕಿಸಿ, ಪ್ರಭಾರ ವಹಿಸಿಕೊಡುತ್ತಿದ್ದ. ಸಂಘದ ಖಾತೆಗೂ ಅದೇ ಶಿಸ್ತು ಬೇಕು. ಸಂಘದ ಹೆಸರಿನಲ್ಲಿ ಒಂದು ಸಿಮ್, ಅದಕ್ಕೆ ತಪ್ಪದೆ ರೀಚಾರ್ಜ್ (ತಿಂಗಳುಗಟ್ಟಲೆ ಬಳಸದೆ ಬಿಟ್ಟ ಸಂಖ್ಯೆ ಇನ್ನೊಬ್ಬರ ಪಾಲಾಗುತ್ತದೆ, ಗುಪ್ತಸಂಖ್ಯೆಯ ಸಂದೇಶವೂ ಅವರಿಗೇ ಹೋಗುತ್ತದೆ), ಮೂವರು ನಿರ್ವಾಹಕರು, ಅವರಲ್ಲಿ ಒಬ್ಬರಾದರೂ ಮಹಿಳೆ, ಗುಪ್ತಪದಗಳು ಮೊಹರು ಮಾಡಿದ ಲಕೋಟೆಯಲ್ಲಿ ಖಜಾಂಚಿಯ ಬಳಿ. ಪದಾಧಿಕಾರಿಗಳ ಚುನಾವಣೆಯ ದಿನವೇ ಹಸ್ತಾಂತರ, ನಡವಳಿ ಪುಸ್ತಕದಲ್ಲಿ ದಾಖಲೆ.

ಹಾಕಬಾರದ್ದೇನು? ಮಕ್ಕಳ ನೃತ್ಯದ ಚಿತ್ರಗಳನ್ನು ಹೆತ್ತವರ ಲಿಖಿತ ಒಪ್ಪಿಗೆಯಿಲ್ಲದೆ ಹಾಕಬಾರದು; ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಮಾಡಿದ ಕಾಯ್ದೆ ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ, ಹೆತ್ತವರ ಸಮ್ಮತಿಯನ್ನು ಕೇಳುತ್ತದೆ. ಚಲನಚಿತ್ರಗೀತೆಯ ಧ್ವನಿಗೆ ಕುಣಿದದ್ದನ್ನು ಹಾಕಿದರೆ ಹಕ್ಕುದಾರರು ತಡೆಯೊಡ್ಡಬಹುದು, ಅಜ್ಜಿಯ ಲಾಲಿಗೆ ಆ ಭಯವಿಲ್ಲ. ದೇಣಿಗೆಗಾಗಿ ಕ್ಯೂಆರ್ ಚಿತ್ರವನ್ನು ಬಹಿರಂಗವಾಗಿ ಹಾಕುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿರಿ: ಭಾರತದ ಪೌರರಾಗಿಯೇ ಉಳಿದು ಹೊರದೇಶದಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಕೊಟ್ಟರೆ ತೊಡಕಿಲ್ಲ, ಆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು 2010ರ ಕಾಯ್ದೆಯ ಪ್ರಕಾರ ವಿದೇಶೀ ದೇಣಿಗೆ, ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಪಡೆಯುವಂತಿಲ್ಲ.

ಇವೆಲ್ಲಕ್ಕಿಂತ ಮಿಗಿಲಾದ ನಿಷೇಧ ಒಂದಿದೆ. ಕಾವೇರಿ. 1991ರ ಡಿಸೆಂಬರಿನಲ್ಲಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪಿನ ಬೆನ್ನಿಗೆ ಬೆಂಗಳೂರಿನಲ್ಲಿ ತಮಿಳರ ಮನೆಗಳು ಉರಿದುವು. ಇತ್ತ ತಮಿಳುನಾಡಿನ ಗಡಿಯಲ್ಲಿ ಕನ್ನಡಿಗರು ನೊಂದರು. ಆಗ ವಾರ್ತೆ ಪತ್ರಿಕೆಯಲ್ಲಿ ಮರುದಿನ ಬರುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳು ಉರಿದಾಗ ವೀಡಿಯೋ ನಿಮಿಷಗಳಲ್ಲಿ ಎರಡೂ ರಾಜ್ಯಗಳ ಫೋನುಗಳಲ್ಲಿತ್ತು. ಅಂಥ ದಿನ, ಕೊಯಮತ್ತೂರಿನ ಕನ್ನಡ ಸಂಘದ ಖಾತೆಯಿಂದ ಎಲ್ಲೋ ಬಂದ ಒಂದು ಉರಿಮಾತು ಮುಂದಕ್ಕೆ ಹೋದರೆ ಅದರ ಬೆಲೆ ತೆರುವವರು ಅದನ್ನು ಬರೆದ ವೀರರಲ್ಲ. ಸಂತೆಯಲ್ಲಿ ಅಂಗಡಿ ಇಟ್ಟಿರುವ ನಮ್ಮ ಬಂಧುಗಳು, ಬಸ್ಸಿನಲ್ಲಿ ಅಮ್ಮನೊಡನೆ ಕನ್ನಡ ಆಡುವ ನಮ್ಮ ಮಗು. ಇದನ್ನು ಹೇಡಿತನವೆನ್ನುವವರು ಬೆಂಗಳೂರಿನಲ್ಲಿ ಕುಳಿತು ಅನ್ನಲಿ. ಹೊರಗಿನಿಂದ ಬಂದ ಯಾವ ಸಂದೇಶವನ್ನೂ ಸಂಘದ ಖಾತೆ ರವಾನಿಸತಕ್ಕದ್ದಲ್ಲ ಎಂಬ ನಿಯಮವು ಠರಾವಿನಲ್ಲಿಯೇ ಸೇರಬೇಕು. ತಮಿಳು ಲಿಪಿಯ ಸಾರಾಂಶಕ್ಕೆ ಇನ್ನೊಂದು ಪ್ರಯೋಜನವೂ ಇಲ್ಲಿ ಕಾಣುತ್ತದೆ. ಪಕ್ಕದ ಮನೆಯ ತಮಿಳರು ಅದನ್ನು ಓದಿ, ಇವರ ಅಜ್ಜಿ ಹೇಳುವ ಕಷಾಯ ನಮ್ಮ ಪಾಟ್ಟಿಯ ಕಷಾಯವೇ ಎಂದು ಗುರುತಿಸಿದರೆ, ಆ ನೆರೆಹೊರೆಯು ಕೆಟ್ಟ ದಿನಗಳಲ್ಲಿ ಯಾವ ಪೊಲೀಸ್ ಪಹರೆಗಿಂತಲೂ ಹೆಚ್ಚು ಕಾಯುತ್ತದೆ.

ಈ ಎಲ್ಲ ಕೆಲಸವನ್ನು ಸಂಬಳಕ್ಕೆ ಹೊರಗಿನ ಸಂಸ್ಥೆಗೆ ಒಪ್ಪಿಸೋಣವೆಂಬ ಮಾತೂ ಬಂದಿದೆ. ಅವರು ಅಂದವಾಗಿ ಮಾಡಿಯಾರು. ಆದರೆ ನಮ್ಮ ಅತ್ತೆಯ ಮುಂದೆ ಅಪರಿಚಿತನು ಫೋನು ಹಿಡಿದು ನಿಂತರೆ ಆಕೆ ಸೆರಗು ಸರಿಪಡಿಸಿಕೊಂಡು ತಮಿಳಿನಲ್ಲಿ ಮಾತಾಡುತ್ತಾಳೆ. ಮೊಮ್ಮಗಳು ಹಿಡಿದರೆ ಕನ್ನಡ ಬರುತ್ತದೆ. ಮುದ್ರಣಕಾರರು ಮನೆಯ ಮಕ್ಕಳೇ ಆಗಬೇಕು. ಹಾಗಾದರೆ ಸಂಘಕ್ಕೆ ಈಗ ಬಾರದ ಹದಿಹರೆಯದವರು ಕೆಲಸಕ್ಕಾಗಿ ಬಂದಾರು, ಸಭೆಗಾಗಿ ಅಲ್ಲದಿದ್ದರೂ.

ಆದುದರಿಂದ ಸರ್ವಸದಸ್ಯರ ಸಭೆಯಲ್ಲಿ ನಾನು ಮಂಡಿಸುವ ತಿದ್ದುಪಡಿ ಇದು: ನಾಲ್ಕು ಖಾತೆಗಳ ಬದಲು ಮೇಲೆ ಹೇಳಿದ ಎರಡು, ಅವನ್ನು ತೆರೆಯುವುದಕ್ಕೆ ಮೊದಲು ಹನ್ನೆರಡು ಮುದ್ರಣಗಳು ಕಪಾಟಿನಲ್ಲಿ ಸಿದ್ಧವಿರಬೇಕು. ಹನ್ನೆರಡು ಸಿದ್ಧವಾಗದಿದ್ದರೆ ಖಾತೆಯೂ ಬೇಡ, ಉದ್ಘಾಟನೆಯ ದೀಪವೂ ಬೇಡ. ಮೊದಲ ಹನ್ನೆರಡರಲ್ಲಿ ಎಪ್ಪತ್ತೈದು ದಾಟಿದವರು ಎಂಟು ಮಂದಿಯಾದರೂ ಇರಲಿ, ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ಉಪಕರಣವೆಂದರೆ ಮನೆಯಲ್ಲಿರುವ ಫೋನು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಫೋನನ್ನು ಬಾಯಿಂದ ಒಂದು ಮೊಳ ದೂರದಲ್ಲಿಟ್ಟರೆ ಸಾಕು. ಸೋಮನೂರು, ಪಲ್ಲಡದ ಕಡೆ ಪವರ್‌ಲೂಮ್ ಇರುವ ಬೀದಿಗಳಲ್ಲಿ ಮಾತ್ರ ಹಗಲೆಲ್ಲ ಸದ್ದು ಅಡಗುವುದಿಲ್ಲ. ಅಲ್ಲಿಗೆ, ನಿರ್ವಹಣೆಗಾಗಿ ತಿಂಗಳಿಗೊಮ್ಮೆ ಕರೆಂಟು ನಿಲ್ಲಿಸುವ ದಿನವನ್ನು ಪತ್ರಿಕೆಯಲ್ಲಿ ನೋಡಿಕೊಂಡು, ಫೋನಿಗೆ ಹಿಂದಿನ ರಾತ್ರಿಯೇ ಪೂರ್ತಿ ಚಾರ್ಜ್ ಹಾಕಿಕೊಂಡು ಹೋಗತಕ್ಕದ್ದು.